ಏಡಿಗೆ ಭುಜ ನೋಯುವುದಿಲ್ಲ

ಸಮುದ್ರದಲ್ಲಿ ದುಡಿಯುವವರ ಮನೆಯಲ್ಲಿ ಉಪ್ಪಿಗಿಂತ ಹೆಚ್ಚು ಖರ್ಚಾಗುವುದು ಒಂದು ಮಾತು: ‘ಏನಿಲ್ಲ’. ಯಾಕೆ ಸುಮ್ಮನಿದ್ದೀರಿ ಅಂದರೆ ಏನಿಲ್ಲ. ಊಟ ಯಾಕೆ ಸೇರಲಿಲ್ಲ ಅಂದರೆ ಏನಿಲ್ಲ. ನಮ್ಮ ಯಜಮಾನರಂತೂ ಈ ಮಾತಿನಲ್ಲಿ ಪಂಡಿತರು.

ಅವರದು ಮುಳುಗುವ ಕೆಲಸ. ದಡದಿಂದ ದೂರ, ಕಡಲ ತಳದಲ್ಲಿ ಮಲಗಿರುವ ದೊಡ್ಡ ದೊಡ್ಡ ಪೈಪುಗಳ ಬೋಲ್ಟು ಬಿಗಿಯುವುದು, ತುಕ್ಕು ಕೆರೆಯುವುದು, ಸೋರುವ ಕಡೆ ಪಟ್ಟಿ ಹಾಕುವುದು. ಉಸಿರಾಡುವ ಗಾಳಿ ಕೂಡ ಮೇಲಿನ ದೋಣಿಯಿಂದ ಕೊಳವೆಯಲ್ಲಿ ಇಳಿದು ಬರಬೇಕು. ಮದುವೆಯಾದ ಹೊಸದರಲ್ಲಿ ಅವರು ನೀರಿಗಿಳಿಯುವ ದಿನ ನಾನೂ ಇಲ್ಲಿ ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ. ಆಮೇಲೆ ಅಭ್ಯಾಸವಾಯಿತು ಎಂದು ಕೇಳಿದವರಿಗೆ ಹೇಳುತ್ತೇನೆ. ಅದೂ ಒಂದು ‘ಏನಿಲ್ಲ’ವೇ.

ಈಚೆಗೆ ಅವರ ಕಂಪನಿಯವರು ನೀರೊಳಗೆ ಓಡಾಡುವ ರೋಬೋ ಒಂದನ್ನು ತಂದರು. ಹಳದಿ ಪೆಟ್ಟಿಗೆಯಂಥ ಮೈ, ಎರಡು ದೀಪ, ಒಂದು ಕ್ಯಾಮೆರಾ, ಮುಂದೆ ಎರಡು ಇಕ್ಕಳದ ಕೈ. ಮುಳುಗುವವರೆಲ್ಲ ಸೇರಿ ಅದಕ್ಕೆ ‘ಏಡಿ’ ಎಂದು ಹೆಸರಿಟ್ಟರು. ದೋಣಿಯ ಮೇಲೆ ಪರದೆಯ ಮುಂದೆ ಕೂತು ಅದನ್ನು ನಡೆಸುವವಳು ನಮ್ಮ ಕೆಳಗಿನ ಮನೆಯ ಹುಡುಗಿ. ಹಾಗಾಗಿ ಅವಳು ಏಡಿಯಮ್ಮ ಆದಳು. ಕರೆದರೆ ‘ಓ’ ಅನ್ನುತ್ತಾಳೆ, ಬೇಜಾರಿಲ್ಲ.

ಬೇಜಾರಿದ್ದದ್ದು ನಮ್ಮವರಿಗೆ. ಏಡಿ ಬಂದ ಮೇಲೆ ಮನೆಯಲ್ಲಿ ನಗುವೇ ಕಡಿಮೆಯಾಯಿತು. ಜೊತೆಗೆ ಮುಳುಗುತ್ತಿದ್ದ ಹಿರಿಯರೊಬ್ಬರು ಕಿವಿನೋವು ಎಂದಿದ್ದರಂತೆ. ಈಗ ಅವರು ಗೋದಾಮಿನಲ್ಲಿ ಏಡಿಯ ಬಿಡಿಭಾಗ ಕಾಯುತ್ತ ಕೂತಿದ್ದಾರೆ. ಅಂದಿನಿಂದ ಇವರ ಗುಂಪಿನಲ್ಲಿ ಒಂದು ಗಾದೆಯೇ ಹುಟ್ಟಿತು: ಬಾಯಿ ಬಿಟ್ಟವನು ಗೋದಾಮಿಗೆ.

ಆವತ್ತು ಇವರು ಬೆಳಗಿನ ಕೆಲಸ ಮುಗಿಸಿ ಮಧ್ಯಾಹ್ನ ಮನೆಗೆ ಬಂದರು. ಗುಡ್ಡದ ಮೇಲಿನ ಊರಿನಲ್ಲಿ ನನ್ನ ನಾದಿನಿಗೆ ಹೆರಿಗೆಯಾಗಿತ್ತು. ಮಗು ನೋಡಲು ಹೊರಡುವುದೆಂದು ಬ್ಯಾಗು ಕಟ್ಟಿಟ್ಟಿದ್ದೆ. ಅತ್ತೆಯಂತೂ ಬೆಳಗಿನಿಂದ ಚಪ್ಪಲಿ ಹಾಕಿಕೊಂಡೇ ಕೂತಿದ್ದರು.

ಚಹಾ ಕೊಟ್ಟೆ. ಇವರು ಎಡಚರು. ಲೋಟವನ್ನು ಬಲಗೈಯಲ್ಲಿ ತೆಗೆದುಕೊಂಡರು.

“ಎಡಗೈಗೆ ಏನಾಯ್ತ್ರೀ?”

“ಏನಿಲ್ಲ. ದಿಂಬು ಸರಿ ಇರಲಿಲ್ಲ ಅನ್ಸುತ್ತೆ.”

“ಬೆಳಗ್ಗೆ ಇದೇ ಕೈಯಲ್ಲಿ ಗ್ಯಾಸ್ ಸಿಲಿಂಡರ್ ಎತ್ತಿಟ್ರಲ್ಲ?”

“ಲೇ, ಹೊರಡೋ ಹೊತ್ತಲ್ಲಿ ವಕೀಲಿಕೆ ಶುರು ಮಾಡ್ಬೇಡ.”

ಅತ್ತೆ ಅಷ್ಟರಲ್ಲಿ ಒಲೆ ಹಚ್ಚಿದ್ದರು. “ವಾಯು ಹಿಡ್ಕೊಂಡಿರುತ್ತೆ ಕಣೋ. ಎಣ್ಣೆ ಬಿಸಿ ಮಾಡಿ ನಾಲ್ಕು ಸಲ ನೀವಿದ್ರೆ ಓಡಿಹೋಗುತ್ತೆ. ನಿಮ್ಮಪ್ಪಂಗೆ ನಾನು ಜೀವಮಾನವೆಲ್ಲ ಇದೇ ಮಾಡಿದ್ದು.”

ಆದರೆ ಇವರು ಆಗಲೇ ನೋವಿನ ಮಾತ್ರೆ ನುಂಗಿ, ಮುಲಾಮು ಹಚ್ಚಿಕೊಂಡು ಬಂದಿದ್ದರು. ಅಂಗಿಯಿಂದ ಘಾಟು ಹೊಡೆಯುತ್ತಿತ್ತು. ಗುಂಡಿ ಹಾಕಿಕೊಳ್ಳಲು ಹೋದವರು ಎರಡು ಸಲ ತಪ್ಪಿಸಿದರು. ಮೂರನೆಯ ಸಲ ನಾನೇ ಹಾಕಿದೆ. ಭುಜ ಮುಟ್ಟಿದ್ದಕ್ಕೆ ಅವರು ಕಣ್ಣು ಮುಚ್ಚಿಕೊಂಡರು, ಉಸಿರು ಬಿಡಲಿಲ್ಲ. ನನಗೆ ಭಯವಾಯಿತು. ಏನೆಂದು ಗೊತ್ತಿಲ್ಲದ ಭಯ, ಅದು ಗೊತ್ತಿರುವುದಕ್ಕಿಂತ ಕೆಟ್ಟದ್ದು.

“ಆಫೀಸಿಗೆ ಒಂದು ಫೋನ್ ಮಾಡಿ ಹೇಳ್ಬಾರ್ದಾ?” ಎಂದೆ.

“ಏನಂತ? ಭುಜ ನೋಯ್ತಿದೆ ಅಂತಾನಾ?” ಅವರ ದನಿ ಇದ್ದಕ್ಕಿದ್ದಂತೆ ಏರಿತು. “ಏಡಿಗೆ ಭುಜ ನೋಯಲ್ಲ, ಗೊತ್ತಾ? ಅದು ರಜಾ ಕೇಳಲ್ಲ, ಕೆಮ್ಮಲ್ಲ, ತಂಗಿ ಮನೆಗೆ ಹೋಗಲ್ಲ. ಇವತ್ತು ಹೇಳಿದ್ರೆ ನಾಳೆ ನಾನೂ ಗೋದಾಮಲ್ಲಿ ಕೂತಿರ್ತೀನಿ.”

ಬ್ಯಾಗು ಎತ್ತಿಕೊಂಡು ಕೆಳಗಿಳಿದೆ.

ಕಾರಿನ ಬಳಿ ಏಡಿಯಮ್ಮ ಎದುರಾದಳು. ಅದೇ ದೋಣಿಯಿಂದ ಆಗಷ್ಟೇ ಬಂದಿದ್ದಳು.

“ಎಲ್ಲಿಗೆ ಅತ್ತಿಗೆ, ಸಂಸಾರ ಸಮೇತ?”

“ನಾದಿನಿ ಮನೆಗೆ. ಗುಡ್ಡದ ಮೇಲೆ.”

ಅವಳ ಮುಖದ ನಗು ಹಾರಿಹೋಯಿತು. “ಇವತ್ತಾ? ಅಣ್ಣ ಬೆಳಗ್ಗೆ ನೀರಿಗಿಳಿದಿದ್ರಲ್ಲ! ಇಳಿದ ದಿನ ಎತ್ತರಕ್ಕೆ ಹೋಗಬಾರದು ಅಂತ ಎಲ್ಲರಿಗೂ ಹೇಳಿದಾರಲ್ಲ.”

“ಅದು ವಿಮಾನಕ್ಕಮ್ಮ,” ಎಂದರು ಇವರು, ಬಲಗೈಯಲ್ಲಿ ಕಾರಿನ ಬಾಗಿಲು ತೆಗೆಯುತ್ತ. “ನಾನೇನು ವಿಮಾನ ಹತ್ತುತ್ತಿದ್ದೀನಾ? ನಾಲ್ಕು ಚಕ್ರ ನೆಲದ ಮೇಲೇ ಇರುತ್ತೆ.”

ಏಡಿಯಮ್ಮ ಮೂಗು ಅರಳಿಸಿದಳು. “ಮುಲಾಮಿನ ವಾಸನೆ ಬರ್ತಿದೆ. ಯಾರಿಗೆ ನೋವು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮವರ ಬಲಗೈ ತಾನಾಗಿ ಎಡ ಹೆಗಲಿಗೆ ಹೋಯಿತು. ಹೋದದ್ದು ನಮ್ಮೆಲ್ಲರಿಗೂ ಕಂಡಿತು.

“ಅಣ್ಣ, ಆ ತುಕ್ಕು ಹಿಡಿದ ಬೋಲ್ಟ್ ಜೊತೆ ನೀವು ಗುದ್ದಾಡಿದ್ದನ್ನ ಪರದೆ ಮೇಲೆ ನೋಡಿದೀನಿ. ಅಷ್ಟು ಮೈ ದಣಿದು ಮೇಲೆ ಬಂದಿದ್ದೀರಿ. ದೋಣಿಯಲ್ಲಿ ಮೇಲ್ವಿಚಾರಕರು ನೋವಿದೆಯಾ ಅಂತ ಕೇಳಿದಾಗ ಏನಂದ್ರಿ?”

ನಾನೇ ಹೇಳಿದೆ: “ಏನಿಲ್ಲ ಅಂದಿರ್ತಾರೆ.”

“ಕಣ್ಣು ಮುಚ್ಚಿ,” ಎಂದಳು ಅವಳು. “ನಾನು ಯಾವ ಬೆರಳು ಮುಟ್ಟಿದೀನಿ ಹೇಳಿ ನೋಡೋಣ.”

“ನಡು ರಸ್ತೇಲಿ ಇದೇನು ಮಕ್ಕಳಾಟ...”

“ಅಣ್ಣ, ದಮ್ಮಯ್ಯ, ಮುಚ್ಚಿ.”

ಮುಚ್ಚಿದರು. ಅವಳು ಎಡಗೈಯ ಹೆಬ್ಬೆರಳು ಮುಟ್ಟಿದಳು. “ಹೆಬ್ಬೆರಳು,” ಎಂದರು. ತೋರುಬೆರಳು ಮುಟ್ಟಿದಳು. ಅದನ್ನೂ ಹೇಳಿದರು. ಆಮೇಲೆ ಕಿರುಬೆರಳನ್ನು ಹಿಡಿದು ಒತ್ತಿದಳು. ಇವರು ಕಾಯುತ್ತ ನಿಂತರು. “ಹೂಂ, ಮುಟ್ಟು,” ಎಂದರು.

ಅವಳು ಒತ್ತಿಯೇ ಇದ್ದಳು. ಕಣ್ಣು ಬಿಟ್ಟು ತಮ್ಮ ಬೆರಳನ್ನು ತಾವೇ ನೋಡಿದಾಗ ಇವರ ಮುಖ ಸುಣ್ಣದಂತಾಯಿತು.

ಅತ್ತೆ ಮಾತ್ರ ಬಗ್ಗಲಿಲ್ಲ. “ಜೋಮು ಹಿಡಿದಿರುತ್ತಮ್ಮ. ಗುಡ್ಡದ ತಂಪು ಗಾಳಿಗೆ ಸರಿಹೋಗುತ್ತೆ.”

“ದೊಡ್ಡಮ್ಮ, ಗುಡ್ಡದ ಗಾಳೀನೇ ಕಷ್ಟ,” ಎಂದಳು ಏಡಿಯಮ್ಮ. “ನೀರಿನ ಆಳದಲ್ಲಿ ಒತ್ತಡ ಜಾಸ್ತಿ. ಅಲ್ಲಿ ಉಸಿರಾಡಿದ ಗಾಳಿಯ ಒಂದಂಶ ರಕ್ತ, ಮಾಂಸ, ಕೀಲು ಎಲ್ಲದರಲ್ಲೂ ಕರಗುತ್ತೆ. ಮೇಲೆ ಬಂದ ಮೇಲೆ ಅದು ಮೆಲ್ಲಗೆ ಹೊರಗೆ ಹೋಗ್ಬೇಕು. ಕೆಲವು ಸಲ ಹೋಗದೆ ಒಳಗೇ ಗುಳ್ಳೆ ಕಟ್ಟುತ್ತೆ. ಕೀಲಲ್ಲಿ ಕಟ್ಟಿದ್ರೆ ನೋವು. ನರದ ಹತ್ರ ಕಟ್ಟಿದ್ರೆ ಜೋಮು. ಬೆನ್ನುಹುರಿಗೆ ತಾಗಿದ್ರೆ ಕಾಲು ಕೂಡ ಹೋಗ್ಬಹುದು. ಎತ್ತರಕ್ಕೆ ಹೋದಷ್ಟೂ ಹೊರಗಿನ ಒತ್ತಡ ಕಡಿಮೆಯಾಗಿ ಆ ಗುಳ್ಳೆ ಇನ್ನೂ ಉಬ್ಬುತ್ತೆ. ವಿಮಾನ ಆದ್ರೇನು, ಕಾರಾದ್ರೇನು, ಗುಳ್ಳೆಗೆ ಚಕ್ರ ಕಾಣಲ್ಲ.”

ಅತ್ತೆ ನನ್ನ ಕಡೆ ತಿರುಗಿದರು. “ಹೋದ ಸಲ ಗುಡ್ಡ ಹತ್ತುವಾಗ ನನ್ನ ಮಡಿಲಲ್ಲಿ ಚಿಪ್ಸ್ ಪೊಟ್ಟಣ ಇತ್ತಲ್ಲ. ಅರ್ಧ ದಾರೀಲಿ ಅದು ದಿಂಬಿನ ಹಾಗೆ ಉಬ್ಬಿ ಕೂತಿತ್ತು, ನೆನಪಿದೆಯೇನೇ?”

“ಅದೇ ದೊಡ್ಡಮ್ಮ. ಅದೇ ಲೆಕ್ಕ.”

ಅತ್ತೆ ಮಗನ ಭುಜದ ಕಡೆ ನೋಡಿದರು. ಬೆಳಗಿನಿಂದ ಚಪ್ಪಲಿ ಹಾಕಿಕೊಂಡು ಕೂತಿದ್ದವರು, ಮೊಮ್ಮಗುವಿನ ಮುಖ ನೋಡದೆ ಅನ್ನ ಸೇರುತ್ತಿಲ್ಲ ಎಂದವರು, ಕಾರಿನೊಳಗೆ ಕೈ ಹಾಕಿ ಕೀಲಿ ಕಿತ್ತುಕೊಂಡು ಸೆರಗಿಗೆ ಗಂಟು ಹಾಕಿಕೊಂಡರು. “ಫೋನ್ ಮಾಡೋ,” ಎಂದರು.

“ಅಮ್ಮಾ, ಕೆಲಸ...”

ಏಡಿಯಮ್ಮ ಅಲ್ಲಿ ನಯವಾಗಿ ಮಾತಾಡಲಿಲ್ಲ. “ಏಡಿ ನಿಮ್ಮ ಕೆಲಸ ತಗೊಳ್ಳಲ್ಲ ಅಂತ ನಾನು ಆಣೆ ಹಾಕಲ್ಲ ಅಣ್ಣ. ನಾಳೆ ಏನೋ, ಯಾರು ಕಂಡಿದ್ದಾರೆ. ಆದ್ರೆ ಗೋದಾಮಲ್ಲಿರೋರ ಕಥೆ ನೀವು ಅರ್ಧ ಕೇಳಿದ್ದೀರಿ. ಅವರು ನೋವು ಅಂದಿದ್ದಕ್ಕೆ ಅಲ್ಲಿಗೆ ಹೋಗಿದ್ದಲ್ಲ. ನೋವು ಮುಚ್ಚಿಟ್ಟು ಮತ್ತೆ ನೀರಿಗಿಳಿದ್ರು, ಕಿವಿಯ ತಮಟೆ ಹರಿದುಹೋಯ್ತು. ಮೊದಲನೇ ದಿನವೇ ಹೇಳಿದ್ದಿದ್ರೆ ಇವತ್ತು ನಿಮ್ಮ ಪಕ್ಕದಲ್ಲೇ ಇರ್ತಿದ್ರು. ಬೇಕಾದ್ರೆ ಅವರನ್ನೇ ಕೇಳಿ.”

ಇವರು ಫೋನ್ ತೆಗೆದರು. ಮೇಲ್ವಿಚಾರಕರಿಗೆ ಮೊದಲು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಗೊಣಗಿದರು. ನಾನು ಕೈಯಿಂದ ಫೋನ್ ಕಿತ್ತುಕೊಂಡು ಎಲ್ಲ ಹೇಳಿಬಿಟ್ಟೆ: ಭುಜ, ಬೆರಳು, ಮಾತ್ರೆ, ಗುಡ್ಡ. ಆ ಕಡೆಯಿಂದ ಬೈಗುಳ ಬರಲಿಲ್ಲ. “ಚಪ್ಪಟೆಯಾಗಿ ಮಲಗಿಸಿ. ಎಣ್ಣೆ, ಬಿಸಿನೀರು ಏನೂ ಬೇಡ. ಭುಜ ತಿಕ್ಕಬೇಡಿ. ಆಕ್ಸಿಜನ್ ತಗೊಂಡು ನಾವೇ ಬರ್ತೀವಿ,” ಎಂದರು.

ಬಂದರಿನ ಅಂಗಳದಲ್ಲಿ ಒಂದು ಒತ್ತಡದ ಕೋಣೆಯಿದೆ. ಕೋಣೆ ಅನ್ನುವುದು ಹೆಸರಿಗೆ. ನೋಡಲು ಅಡ್ಡ ಮಲಗಿಸಿದ ಕಬ್ಬಿಣದ ನೀರಿನ ಟ್ಯಾಂಕು. ಇವರನ್ನೂ ಜೊತೆಗೊಬ್ಬ ಸಹಾಯಕನನ್ನೂ ಒಳಗೆ ಕೂರಿಸಿ ಬಾಗಿಲು ಬಿಗಿದರು. ಮತ್ತೆ ಆಳಕ್ಕೆ ಇಳಿಸಿದಷ್ಟು ಒತ್ತಡ ಕೊಟ್ಟು ಗುಳ್ಳೆ ಕುಗ್ಗಿಸುತ್ತಾರೆ, ಆಕ್ಸಿಜನ್ ಕೊಡುತ್ತ ನಿಧಾನಕ್ಕೆ ಮೇಲೆ ತರುತ್ತಾರೆ ಎಂದು ವೈದ್ಯರು ವಿವರಿಸಿದರು. ನನಗೆ ಕೇಳಿಸಿದ್ದು ಗಾಳಿಯ ಭುಸ್ ಭುಸ್ ಸದ್ದು ಮಾತ್ರ. ಸಣ್ಣ ದುಂಡನೆಯ ಕಿಟಕಿಗೆ ಮುಖ ಒತ್ತಿ ನಿಂತೆ. ಅತ್ತೆ ನನ್ನ ಸೆರಗು ಹಿಡಿದು ಪದೇ ಪದೇ ಕೇಳುತ್ತಿದ್ದರು, “ಕೈ ಆಡಿಸ್ತಿದ್ದಾನೇನೇ? ಆಡಿಸ್ತಿದ್ದಾನೇನೇ?”

ತುಂಬ ಹೊತ್ತು ನನಗೆ ‘ಹೂಂ’ ಅನ್ನಲು ಆಗಲಿಲ್ಲ. ಕೊನೆಗೆ ಇವರು ಎಡಗೈ ಎತ್ತಿ, ಕಿರುಬೆರಳನ್ನು ಬಲಗೈಯಿಂದ ಚಿವುಟಿಕೊಂಡು, ‘ಆಯ್!’ ಎಂದು ಬಾಯಿ ಮಾಡಿ ತೋರಿಸಿದರು. ಕಿಟಕಿಯಾಚೆ ಸದ್ದು ಕೇಳುವುದಿಲ್ಲ. ಆದರೂ ಅಂಥ ಸಿಹಿ ಕೂಗನ್ನು ನಾನು ಈವರೆಗೆ ಕೇಳಿಲ್ಲ. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಎಲ್ಲವೂ ಒಂದೇ ದಿನಕ್ಕೆ ಸರಿಹೋಯಿತು ಎಂದು ಬಣ್ಣ ಹಚ್ಚಿ ಹೇಳುವುದಿಲ್ಲ. ಮತ್ತೆ ಎರಡು ಸಲ ಆ ಟ್ಯಾಂಕಿನೊಳಗೆ ಕೂರಬೇಕಾಯಿತು. ವೈದ್ಯರು ಒಪ್ಪುವವರೆಗೆ ನೀರಿಗಿಳಿಯುವಂತಿಲ್ಲ, ಗುಡ್ಡ ಹತ್ತುವಂತಿಲ್ಲ. ಆ ದಿನಗಳಲ್ಲಿ ಇವರು ಏಡಿಯಮ್ಮನ ಪಕ್ಕದಲ್ಲಿ ಕೂತು, ಯಾವ ಬೋಲ್ಟು ಗಟ್ಟಿಯಿರುವಂತೆ ಕಂಡು ಸುಳ್ಳು ಹೇಳುತ್ತದೆ, ಯಾವುದು ನಿಜ ಹೇಳುತ್ತದೆ ಎಂದು ಪರದೆಯ ಮೇಲೆ ತೋರಿಸಿಕೊಟ್ಟರು. ಮನೆಗೆ ಬಂದು “ಏಡಿಗೆ ಕಣ್ಣಿದೆ, ಬುದ್ಧಿ ನಮ್ಮದೇ” ಎಂದು ಬೀಗುತ್ತಿದ್ದರು. ರಾತ್ರಿ ಮಗ್ಗುಲು ಬದಲಿಸುವುದು ಮಾತ್ರ ನಿಲ್ಲಲಿಲ್ಲ, ವೈದ್ಯರ ಒಪ್ಪಿಗೆ ಸಿಕ್ಕಿ ಮತ್ತೆ ನೀರಿಗಿಳಿಯುವವರೆಗೂ. ಮಗುವೇ ಅವ್ವನ ಕಂಕುಳಲ್ಲಿ ಗುಡ್ಡ ಇಳಿದು ನಮ್ಮ ಮನೆಗೆ ಬಂತು. ಅತ್ತೆ ಆಮೇಲೆ ಚಪ್ಪಲಿ ಬಿಚ್ಚಿದರು.

ಮೊನ್ನೆ ಕೆಲಸದಿಂದ ಬಂದವರು ಮೊಣಕೈ ಉಜ್ಜಿಕೊಂಡರು. ನಾನು ಕೇಳುವ ಮೊದಲೇ ಫೋನ್ ತೆಗೆದು, “ಸರ್, ಎಡ ಮೊಣಕೈ ನೋಯ್ತಿದೆ, ಬರ್ತಿದ್ದೀನಿ,” ಎಂದರು. ಹೋಗಿ ತೋರಿಸಿದರೆ, ದೋಣಿಯ ಬಾಗಿಲಿಗೆ ಬಡಿದ ಪೆಟ್ಟು ಅಷ್ಟೇ. ಯಾರೂ ನಗಲಿಲ್ಲ. “ಬಂದಿದ್ದು ಒಳ್ಳೇದಾಯ್ತು” ಎಂದು ಚಹಾ ಕುಡಿಸಿ ಕಳಿಸಿದರಂತೆ. ಲೋಟವನ್ನು ಯಾವ ಕೈಯಲ್ಲಿ ಹಿಡಿದಿದ್ದಿರಿ ಎಂದು ಕೇಳಿದೆ. “ಎಡಗೈ ಕಣೇ,” ಎಂದು ನಕ್ಕರು.

ಅಣ್ಣಂದಿರೇ, ತಮ್ಮಂದಿರೇ, ನೀರೊಳಗೆ ದುಡಿದು ಮೇಲೆ ಬಂದ ಮೇಲೆ ಕೀಲು ನೋವು, ಜೋಮು, ಮೈ ತುರಿಕೆ, ತಲೆಸುತ್ತು, ಯಾವತ್ತೂ ಇಲ್ಲದ ಸುಸ್ತು, ಏನೇ ಕಂಡರೂ ಆ ಕ್ಷಣವೇ ಹೇಳಿ. ಮಾತ್ರೆ ನುಂಗಿ ಮುಚ್ಚಿಡಬೇಡಿ. ವೈದ್ಯರು, ಮೇಲ್ವಿಚಾರಕರು ಹೇಳಿದಷ್ಟು ಹೊತ್ತು ವಿಮಾನವೂ ಬೇಡ, ಗುಡ್ಡವೂ ಬೇಡ. ಅಕ್ಕತಂಗಿಯರೇ, ನಿಮ್ಮ ಮನೆಯವರು ‘ಏನಿಲ್ಲ’ ಅಂದರೆ ಇನ್ನೊಂದು ಸಲ ಕೇಳಿ. ವಕೀಲಿಕೆ ಅಂದರೂ ಬಿಡಬೇಡಿ. ಕೆಲಸ ಕೊಟ್ಟವರೇ, ನೋವು ಎಂದು ಬಂದವನಿಗೆ ಮೊದಲು ಕುರ್ಚಿ ಕೊಡಿ, ಪ್ರಶ್ನೆ ಆಮೇಲೆ.

ಏಡಿಯ ಕೈ ಮುರಿದರೆ ಗೋದಾಮಿನಲ್ಲಿ ಇನ್ನೊಂದು ಸಿಗುತ್ತದೆ. ನಿಮ್ಮ ಕೈಯ ಬಿಡಿಭಾಗ ಯಾವ ಗೋದಾಮಿನಲ್ಲೂ ಇಲ್ಲ.