ಬಾಳ್ಗಚ್ಚು

ಮುಖಪುಟದ ಕರಡಿನಲ್ಲಿ ಒಂದೇ ಹೆಸರಿತ್ತು. ಅವಳು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. 'ಕತ್ತಿ, ಕೋಳ: ಹಳೆಯ ಪದಗಳ ಹುಟ್ಟು ಮತ್ತು ಅರ್ಥ.' ಕೆಳಗೆ ಸಂಪಾದಕಿಯ ಹೆಸರು. ಅಷ್ಟೇ.

ನಿಘಂಟು ಕಚೇರಿಯ ಆ ಸಂಪಾದಕಿಯನ್ನು ಅವಳು ಅಕ್ಕ ಎಂದೇ ಕರೆಯುತ್ತಿದ್ದಳು. ಒಡಹುಟ್ಟಿದವಳಲ್ಲ, ಹನ್ನೊಂದು ವರ್ಷ ಒಂದೇ ಊಟದ ಡಬ್ಬಿಯಲ್ಲಿ ಉಂಡವಳು. ಪದಕ್ಕೊಂದು ಚೀಟಿ ಬರೆದು ಪೆಟ್ಟಿಗೆಗಳನ್ನು ತುಂಬಿಸಿದ್ದು ಮಾತ್ರ ಇವಳೊಬ್ಬಳೇ. ಕೊಳ್ಳುವುದರಿಂದ ಕೋಳ್, ಅಂದರೆ ಹಿಡಿತ, ಸುಲಿಗೆ. ಕೈಗೆ ಬೀಳುವ ಕೋಳವೂ ಅಲ್ಲಿಂದಲೇ ಬಂದಿರಬೇಕೆಂದು ಇವಳಿಗೆ ಹೊಳೆದ ದಿನ ಇಬ್ಬರೂ ಚಿಕ್ಕ ಹುಡುಗಿಯರ ಹಾಗೆ ಕುಣಿದಿದ್ದರು. "ಪುಸ್ತಕ ಬಂದ್ರೆ ಇಬ್ಬರ ಹೆಸರೂ ಇರುತ್ತೆ ಕಣೇ" ಎಂದಿದ್ದಳು ಅಕ್ಕ.

ಈಗ ಮುನ್ನುಡಿಯ ಕೊನೆಯಲ್ಲಿ 'ಚೀಟಿ ಜೋಡಿಸಿಕೊಟ್ಟ ಸಿಬ್ಬಂದಿ'ಗೆ ಕೃತಜ್ಞತೆ ಇತ್ತು. ಸಿಬ್ಬಂದಿಯಂತೆ! ಅವಳು ಕರಡು ಹಿಡಿದು ಅಕ್ಕನ ಕೋಣೆಗೆ ಹೋದಳು.

"ಅಕ್ಕಾ, ನನ್ನ ಹೆಸರು ಬಿಟ್ಟುಹೋಗಿದೆ."

"ಬಿಟ್ಟುಹೋಗಿಲ್ಲ ಕಣೇ." ಅಕ್ಕ ತಲೆ ಎತ್ತಲಿಲ್ಲ. "ಒಂದೇ ಹೆಸರಿದ್ರೆ ಚೆನ್ನ ಅಂದ್ರು ಪ್ರಕಾಶಕರು. ಮುನಿಸ್ಕೊಳ್ಳೋಕೆ ನೀನೇನು ಹೊರಗಿನವಳಾ? ಬೇಗ ತಿದ್ದಿಕೊಡು. ನಿನ್ನ ಸಹಿ ಬಿದ್ಮೇಲೆ ನಾನು ತೆರೆದೂ ನೋಡಲ್ಲ, ಸೀದಾ ಅಚ್ಚಿಗೆ."

ಬೇರೆ ಯಾರಾದರೂ ಆಗಿದ್ದರೆ ಜಗಳವಾಡಬಹುದಿತ್ತು. ಅಕ್ಕನೇ ನಂಬಿಸಿ ಕುತ್ತಿಗೆ ಕೊಯ್ದಿದ್ದಳು. ಅವಳು ತನ್ನ ಮೇಜಿಗೆ ಮರಳಿ ಪುಟ ತಿರುವಿದಳು.

ನಲವತ್ತೊಂದನೆಯ ಪುಟ. 'ಬಾಳ್ಗಚ್ಚು: ಮಡಿದ ವೀರನ ಮನೆಯವರ ಬಾಳಿಗೆಂದು ಕೊಟ್ಟ ಭೂಮಿ.' ಅವಳದೇ ಹಳೆಯ ತಪ್ಪು, ಚೀಟಿಯಿಂದ ಅಕ್ಷರವೂ ಬಿಡದೆ ಇಳಿದಿತ್ತು. ಬದುಕಿನ ಬಾಳಿಗೆ ಹಳಗನ್ನಡದಲ್ಲಿ ಬರೆಯುವ ಅಕ್ಷರವೇ ಬೇರೆ. ಇದು ಕತ್ತಿ ಎಂಬ ಅರ್ಥದ ಬಾಳ್. ಆಗಿನ ಕಚ್ಚು ಎಂದರೆ ತೊಳೆಯುವುದು. ವೀರನ ಕತ್ತಿ ತೊಳೆದು ಕೊಟ್ಟ ನೆಲ. ಹೋದ ವಾರವಷ್ಟೇ ಅದು ಗೊತ್ತಾಗಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಅಕ್ಕನಿಗೆ ಹೇಳಬೇಕು, ಮತ್ತೊಮ್ಮೆ ಕುಣಿಯಬೇಕು ಎಂದುಕೊಂಡಿದ್ದಳು.

ಕೆಂಪು ಪೆನ್ನು ಆ ಸಾಲಿನ ಮೇಲೆ ಬಹಳ ಹೊತ್ತು ನಿಂತಿತು. ಹನ್ನೊಂದು ವರ್ಷದಲ್ಲಿ ಅವಳು ಒಂದು ಕೊಂಬನ್ನೂ ತಪ್ಪಾಗಿ ಬಿಟ್ಟವಳಲ್ಲ. ಪುಟದ ಅಡಿಯಲ್ಲಿ 'ಸರಿಯಿದೆ' ಎಂದು ಬರೆದಳು. ಅದರ ಕೆಳಗೆ ತನ್ನ ಪೂರ್ತಿ ಹೆಸರನ್ನು ದುಂಡಗೆ, ಬಿಡಿಸಿ ಬರೆದಳು.

ಊಟದ ಹೊತ್ತಿಗೆ ಅಕ್ಕ ಎಂದಿನಂತೆ ಬಂದು ಎದುರು ಕುಳಿತಳು. ಅವಳು ಡಬ್ಬಿ ಬಿಚ್ಚಿದಳು. ಅಕ್ಕನಿಗೆಂದು ತಂದಿದ್ದ ಎರಡನೆಯ ಚಮಚ ಚೀಲದಲ್ಲೇ ಉಳಿಯಿತು.