ಕೋಣ ಬೇಡ, ಗಿಣಿ ಕೊಡಿ

"ಇದಕ್ಕೂ ಇವರ ಸೆಟ್ಟಿಗೂ ತಂತಿ ಸೇರುತ್ತಾ?" ಎಂದು ಟೈಲರಮ್ಮ ಕೇಳಿದರು.

ಅಂಗಡಿಯವನು ಗಾಜಿನ ಮೇಜಿನ ಮೇಲೆ ಎರಡು ಡಬ್ಬಿಗಳನ್ನು ತೆರೆದಿಟ್ಟಿದ್ದ. ಆಕೆ ಬೆರಳಿಟ್ಟು ತೋರಿಸಿದ ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತ, "ಇಲ್ಲ ಮೇಡಂ, ಇದು ಸೇರಲ್ಲ. ಇದು ಬೇರೆ ಕಂಪನಿ. ನಿಮಗೆ ಬೇಕಾಗಿರೋದು ಆ ಕಡೇದು," ಅಂದ.

"ಯಾವ ಥರದಲ್ಲೂ ಸೇರಲ್ವಾ?"

"ತಲೆಕೆಳಗಾಗಿ ನಿಂತ್ರೂ ಸೇರಲ್ಲ."

"ಹಾಗಾದ್ರೆ ಇದನ್ನೇ ಕೊಡಿ."

ಹಿಂದೆ ನಿಂತು ಗೋಡೆಗೆ ತೂಗುಹಾಕಿದ ಪ್ರೊಪೆಲ್ಲರ್‌ಗಳನ್ನು ಎಣಿಸುತ್ತಿದ್ದ ಮೇಷ್ಟ್ರು ಗಕ್ಕನೆ ತಿರುಗಿದರು. "ಏನೇ ಇದು? ಸೇರಲ್ಲ ಅಂತ ಅವನೇ ಬಾಯಿಬಿಟ್ಟು ಹೇಳ್ತಿದಾನಲ್ಲ!"

"ಕೇಳಿಸ್ತು ರೀ. ಅದಕ್ಕೇ ತಗೋತಿರೋದು."

ಅಂಗಡಿಯವನು ಗಂಡನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಇಪ್ಪತ್ತು ವರ್ಷದಿಂದ ಆಟದ ವಿಮಾನಗಳ ಸಾಮಾನು ಮಾರಿ ಬದುಕಿದವನಿಗೆ ಎಲ್ಲಿ ಬಾಯಿ ಹಾಕಬಾರದು ಎಂಬುದು ಗೊತ್ತಿತ್ತು. ಅಂಟುಪಟ್ಟಿ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದವನು ತುಂಬ ಹೊತ್ತು ಮೇಲೆ ಏಳಲೇ ಇಲ್ಲ.

ಸೆಟ್ಟು ಎಂದರೆ ವಿಮಾನವನ್ನು ನೆಲದಿಂದ ಆಡಿಸುವ ಟ್ರಾನ್ಸ್‌ಮಿಟರ್. ಎರಡು ಕಡ್ಡಿ, ನಾಲ್ಕಾರು ಗುಂಡಿ, ಕುತ್ತಿಗೆಗೆ ಒಂದು ಪಟ್ಟಿ. ಭಾನುವಾರ ಬೆಳಿಗ್ಗೆ ನೀರಿನ ಟ್ಯಾಂಕಿನ ಹಿಂದಿನ ಬಯಲಿನಲ್ಲಿ ಸೇರುವವರ ಬಳಿ ಇದ್ದದ್ದು ಎರಡೇ ಕಂಪನಿಯ ಸೆಟ್ಟುಗಳು. ಒಂದು ಭಾರ, ಕಪ್ಪು, ಎತ್ತಿ ಹಾಕಿದರೂ ಕೆಡದು. ಅದಕ್ಕೆ ಕೋಣ ಎಂದು ಹೆಸರು. ಇನ್ನೊಂದು ಹಗುರ, ಗುಂಡಿ ಒತ್ತಿದಾಗಲೆಲ್ಲ ಹೆಣ್ಣುದನಿಯಲ್ಲಿ ಮಾತಾಡುತ್ತದೆ, ಅದು ಗಿಣಿ. ಕೋಣದವರಿಗೆ ಗಿಣಿಯವರನ್ನು ಕಂಡರೆ ನಗು, ಗಿಣಿಯವರಿಗೆ ಕೋಣದವರನ್ನು ಕಂಡರೆ ಕನಿಕರ. ಚಹಾ ಮಾತ್ರ ಎಲ್ಲರದೂ ಒಂದೇ ಫ್ಲಾಸ್ಕಿನದು.

ಮೇಷ್ಟ್ರು ಕೋಣದವರು. ಕಟ್ಟಾ ಕೋಣದವರು. ಅವರು ಶಾಲೆಯ ಮೇಷ್ಟ್ರಲ್ಲ, ಕಾರು ಕಲಿಸುವ ಮೇಷ್ಟ್ರು. ಮೂವತ್ತು ವರ್ಷದಿಂದ ಕಲಿಯುವವರ ಪಕ್ಕದ ಸೀಟಿನಲ್ಲಿ, ತಮ್ಮ ಕಾಲಡಿಯಲ್ಲಿ ತಮ್ಮದೇ ಬ್ರೇಕು ಇಟ್ಟುಕೊಂಡು ಕೂತವರು. ಆ ಬ್ರೇಕಿನಿಂದ ಎಷ್ಟೋ ಹಸುಗಳು, ಎಷ್ಟೋ ಗೇಟುಗಳು ಉಳಿದುಕೊಂಡಿವೆ. ಹೆಂಡತಿಗೆ ವಿಮಾನ ಹಾರಿಸುವ ಆಸೆ ಬಂದಾಗ ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹನ್ನೆರಡು ವರ್ಷ ಅವರ ವಿಮಾನಗಳ ಮರದ ಗೂಡಿಗೆ ಬಣ್ಣದ ತೆಳು ಹಾಳೆ ಹೊದಿಸಿ, ಇಸ್ತ್ರಿ ಆಡಿಸಿ, ಒಂದು ಸುಕ್ಕೂ ಇಲ್ಲದಂತೆ ಮಾಡಿಕೊಟ್ಟವರು ಟೈಲರಮ್ಮನೇ. ಕ್ಲಬ್ಬಿನ ಹಳೆಯ ಕೋಣವೊಂದನ್ನು ಎರವಲು ತಂದು ಹೆಂಡತಿಯ ಕೈಗೆ ಕೊಟ್ಟು, ತಮ್ಮ ಸೆಟ್ಟಿಗೂ ಅದಕ್ಕೂ ನಡುವೆ ತಂತಿ ಹಾಕಿ, ಮೇಷ್ಟ್ರು ತಮ್ಮದೊಂದು ವಿಮಾನದಲ್ಲಿ ಪಾಠ ಶುರುಮಾಡಿದರು.

ತೊಂದರೆ ಇದ್ದದ್ದು ಆ ತಂತಿಯಲ್ಲಿ. ಮೇಷ್ಟ್ರು ತಮ್ಮ ಸೆಟ್ಟಿನ ಒಂದು ಗುಂಡಿಯನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ವಿಮಾನ ಹೆಂಡತಿಯ ಮಾತು ಕೇಳುತ್ತದೆ. ಬೆರಳು ತೆಗೆದರೆ ಅವರ ಮಾತು. ಮತ್ತು ಮೇಷ್ಟ್ರ ಬೆರಳು ಆ ಗುಂಡಿಯ ಮೇಲೆ ನಿಲ್ಲುತ್ತಿರಲಿಲ್ಲ.

ಅಂಗಡಿಯಿಂದ ಇಬ್ಬರೂ ಮನೆಗೆ ಬಂದರು. ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಮೇಲೆ ಹಳದಿ ವಿಮಾನ ಮಲಗಿತ್ತು. ಏಳು ವಾರ ಸಂಜೆಸಂಜೆ ಕೂತು ಟೈಲರಮ್ಮ ತಾವೇ ಕಟ್ಟಿದ್ದು. ಅದರ ರೆಕ್ಕೆಯ ಪಕ್ಕ ಗಿಣಿಯ ಡಬ್ಬಿ ಇಟ್ಟು, ಆಕೆ ಚಹಾ ಮಾಡಿಕೊಂಡು ಬಂದರು. ಮೇಷ್ಟ್ರು ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಮುಖ ಊದಿಸಿಕೊಂಡು ಕೂತಿದ್ದರು.

"ನಾನು ನಿನ್ನ ಕೈಯಿಂದ ಕಿತ್ಕೋತೀನಾ?" ಎಂದು ಕೊನೆಗೆ ಅವರೇ ಬಾಯಿಬಿಟ್ಟರು.

"ಕಿತ್ಕೋತೀರಿ."

"ಯಾವಾಗ ಕಿತ್ಕೊಂಡೆ?"

"ಯಾವಾಗ ಕಿತ್ಕೊಳ್ಳಲಿಲ್ಲ ಅಂತ ಕೇಳಿ, ಬೇಗ ಮುಗಿಯುತ್ತೆ. ರೆಕ್ಕೆ ಒಂದು ಚೂರು ವಾಲಿದ್ರೆ ಸಾಕು, ನಾನು ಕಡ್ಡಿ ಅಲ್ಲಾಡಿಸ್ತಾ ಇರ್ತೀನಿ, ವಿಮಾನ ನಿಮ್ಮ ಮಾತು ಕೇಳ್ತಾ ಇರುತ್ತೆ. ಕೀಲಿ ಕೊಟ್ಟ ಗೊಂಬೆ ಥರ ನಿಂತಿರ್ತೀನಿ ನಾನು."

"ಬಿದ್ದುಹೋಗ್ತಿತ್ತಲ್ಲೇ!"

"ಬೀಳ್ತಿತ್ತೋ ಇಲ್ವೋ ನಿಮಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಅದೇ ನನ್ನ ಸಂಕಟ." ಟೈಲರಮ್ಮ ಲೋಟವನ್ನು ಅವರ ಕೈಗೆ ಕೊಟ್ಟರು. "ನಲವತ್ತೊಂದು ಸಲ ಹಾರಿಸಿದೀನಿ ರೀ. ಒಂದು ಸಲಾನೂ ಇಳಿಸಿಲ್ಲ. ಇಳಿಸೋಕೆ ಬರುತ್ತೆ ಅನ್ಸುತ್ತೆ ನಂಗೆ. ಬರದೇ ಇದ್ರೂ ಬರಲ್ಲ ಅನ್ನೋದು ನಂಗೆ ಗೊತ್ತಾಗ್ಬೇಕು. ನೀರಿಗಿಳಿಯದೆ ಈಜು ಬರುತ್ತಾ?"

"ಬಿದ್ದರೆ ಏಳು ವಾರದ ಕೆಲಸ."

"ನಂದೇ ಏಳು ವಾರ ಅಲ್ವಾ."

ಮೇಷ್ಟ್ರು ಚಹಾ ಕುಡಿಯಲಿಲ್ಲ, ಲೋಟ ತಿರುಗಿಸುತ್ತ ಕೂತರು. ಅವರಿಗೆ ನೋವಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಜಗಳವಾಡಿ ಹಗುರಾಗುತ್ತಿದ್ದರೇನೋ; ಹೆಂಡತಿ ಹೇಳಿದ್ದರಲ್ಲಿ ಸುಳ್ಳಿಲ್ಲ ಎಂಬುದೇ ಅವರನ್ನು ಕಟ್ಟಿಹಾಕಿತ್ತು.

"ಹಾಗಾದ್ರೆ ನಾನ್ಯಾಕೆ ಬರ್ಲಿ ಅಲ್ಲಿಗೆ?" ಅಂದರು.

"ಪಕ್ಕದಲ್ಲಿ ನಿಂತ್ಕೊಳ್ಳೋಕೆ."

"ಅಷ್ಟೇನಾ?"

"ಅಷ್ಟು ಕಮ್ಮಿಯಾಯ್ತಾ?"

ಮೇಷ್ಟ್ರು ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು.

ಮುನಿಸು ಎರಡು ದಿನಕ್ಕಿಂತ ಹೆಚ್ಚು ಬಾಳಲಿಲ್ಲ. ಮೂರನೆಯ ಸಂಜೆ ಟೈಲರಮ್ಮ ಗಿಣಿಯನ್ನು ಚಾಲೂ ಮಾಡಿದಾಗ ಅದು ನಯವಾಗಿ ನಮಸ್ಕಾರ ಹೇಳಿತು. ಒಳಕೋಣೆಯಲ್ಲಿ ಪೇಪರು ಓದುತ್ತಿದ್ದ ಮೇಷ್ಟ್ರು, "ಮನೇಲಿ ಒಬ್ಬಳ ಮಾತು ಕೇಳೋದೇ ಕಷ್ಟ, ಈಗ ಇನ್ನೊಬ್ಬಳು," ಎಂದು ಗೊಣಗಿದರು. ಗೊಣಗಿದರೆಂದರೆ ಸರಿಹೋದರೆಂದೇ ಅರ್ಥ. ಸ್ವಲ್ಪ ಹೊತ್ತಿಗೆ ಕನ್ನಡಕ ಹಾಕಿಕೊಂಡು ಬಂದು ಸೆಟ್ಟಿನ ಜೊತೆಗಿದ್ದ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳತೊಡಗಿದರು. ಕಡ್ಡಿ ಬಲಕ್ಕೆ ತಳ್ಳಿದಾಗ ಬಲರೆಕ್ಕೆಯ ಅಂಚಿನ ಅಲ್ಲಾಡುವ ಪಟ್ಟಿ ಎದ್ದೇಳಬೇಕಾದಲ್ಲಿ ಕೆಳಗಿಳಿದದ್ದು ಅವರ ಕಣ್ಣಿಗೇ ಮೊದಲು ಬಿತ್ತು. ಕೈ ಚಾಚಿದವರು ಅರ್ಧಕ್ಕೆ ನಿಲ್ಲಿಸಿ, "ಬಲಗಡೆ ಪಟ್ಟಿ ಒಂದ್ಸಲ ನೋಡು," ಅಂದರು, ಅಷ್ಟೇ. ಆಕೆ ನೋಡಿದರು, ತಾವೇ ಸರಿಮಾಡಿಕೊಂಡರು. ಹಾಗೇ ಹಾರಿಸಿದ್ದರೆ ವಿಮಾನ ಏಳುತ್ತಲೇ ನೆಲಕಚ್ಚುತ್ತಿತ್ತು.

ಭಾನುವಾರ ಗಾಳಿ ಕಡಿಮೆ ಇತ್ತು. ಬಯಲಿನ ನಡುವೆ ಹುಲ್ಲು ಕತ್ತರಿಸಿದ ಉದ್ದನೆಯ ಪಟ್ಟಿ, ಅದರಾಚೆ ಮುಳ್ಳುತಂತಿ, ಅದರಾಚೆ ಯಾರದೋ ಇಟ್ಟಿಗೆ ರಾಶಿ. ಹೆಂಡತಿ ವಿಮಾನಕ್ಕೆ ರೆಕ್ಕೆ ಜೋಡಿಸುತ್ತಿದ್ದಾಗ ಮೇಷ್ಟ್ರು ತಮ್ಮ ಕೋಣವನ್ನು ಕಾರಿನಿಂದ ಇಳಿಸಲೇ ಇಲ್ಲ. ಬರಿಗೈಯಲ್ಲಿರುವ ಅಭ್ಯಾಸವಿಲ್ಲದ ಅವರು ಒಮ್ಮೆ ಜೇಬಿಗೆ ಕೈಹಾಕುತ್ತ, ಒಮ್ಮೆ ತಲೆ ಕೆರೆಯುತ್ತ ನಿಂತಿದ್ದರು.

ಅಷ್ಟರಲ್ಲಿ ಔಷಧಿ ಅಂಗಡಿಯವರು ಕೊರಳಲ್ಲಿ ತಮ್ಮ ಗಿಣಿಯನ್ನು ತೂಗುಹಾಕಿಕೊಂಡು ಬಂದರು. ಮೈದಾನದಲ್ಲಿ ಗಿಣಿ ಪಕ್ಷದ ಹಿರಿಯರು ಅವರು. ಅವರ ಕೈಯಲ್ಲಿ ಸುರುಳಿ ಸುತ್ತಿದ ಕಪ್ಪು ತಂತಿ ಇತ್ತು.

"ಬನ್ನಿ ಅಕ್ಕಾ, ಬನ್ನಿ! ಅಂತೂ ನಮ್ಮ ಕಡೆ ಬಂದ್ರಿ. ನಿಮ್ದೂ ಗಿಣಿ, ನಮ್ದೂ ಗಿಣಿ. ನಾನು ತಂತಿ ಕಟ್ಕೊಂಡು ನಿಂತಿರ್ತೀನಿ. ಒಂದು ವೇಳೆ ಏನಾದ್ರೂ ಆದ್ರೆ ಹಿಡ್ಕೋತೀನಿ. ಯೋಚನೆ ಮಾಡ್ಬೇಡಿ."

ಟೈಲರಮ್ಮನ ಕೈ ರೆಕ್ಕೆಯ ಮೇಲೇ ನಿಂತಿತು. "ನಾನೇನೂ ಕೇಳಿರಲಿಲ್ಲವಲ್ಲಪ್ಪ ನಿಮ್ಮನ್ನ."

"ನೀವಲ್ಲ ಅಕ್ಕಾ, ಮೇಷ್ಟ್ರು ನಿನ್ನೆ ಫೋನು..." ಎಂದ ಔಷಧಿ ಅಂಗಡಿಯವರು ಅಲ್ಲಿಗೇ ನಿಲ್ಲಿಸಿದರು. ಆದರೆ ಬಾಯಿಂದ ಹೊರಬಿದ್ದ ಮಾತನ್ನು ಮತ್ತೆ ಒಳಗೆ ಹಾಕುವ ಔಷಧಿ ಅವರ ಅಂಗಡಿಯಲ್ಲೂ ಇರಲಿಲ್ಲ.

ಟೈಲರಮ್ಮ ಗಂಡನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಆ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದಣಿವು ಕಂಡಿತು; ಇಷ್ಟು ದೂರ ನಡೆದು ಬಂದರೂ ಹೊರಟ ಜಾಗದಲ್ಲೇ ಇದ್ದೇನೆ ಎಂದು ತಿಳಿದವರ ದಣಿವು. ಆಕೆ ಸೆಟ್ಟನ್ನು ಕೊರಳಿನಿಂದ ತೆಗೆದು ವಿಮಾನದ ಪಕ್ಕ ಹುಲ್ಲಿನ ಮೇಲಿಟ್ಟರು.

ಮೇಷ್ಟ್ರ ಕಿವಿ ಕೆಂಪಗಾಯಿತು. ಅವರಿಗೆ ನಾಚಿಕೆಯಾಯಿತು, ಅಳುವೇ ಬಂದಂತಾಯಿತು. ನಿನ್ನೆ ಫೋನು ಮಾಡುವಾಗ ತಾವು ಮಾಡುತ್ತಿರುವುದು ಉಪಕಾರ ಎಂದೇ ನಂಬಿದ್ದರು. ಎರಡು ಹೆಜ್ಜೆ ಹೋಗಿ ಔಷಧಿ ಅಂಗಡಿಯವರ ಕೈಯಿಂದ ತಂತಿ ತೆಗೆದುಕೊಂಡರು. ಇನ್ನಷ್ಟು ಬಿಗಿಯಾಗಿ ಸುತ್ತಿ ತಮ್ಮ ಪ್ಯಾಂಟಿನ ಜೇಬಿಗೆ ತುರುಕಿದರು.

"ಅವಳೊಬ್ಬಳೇ ಹಾರಿಸ್ತಾಳೆ," ಅಂದರು. ಆಮೇಲೆ, "ನಾನು ಕೇಳಿದ್ದು ತಪ್ಪಾಯ್ತು," ಅಂದರು. ಅದನ್ನು ಔಷಧಿ ಅಂಗಡಿಯವರ ಕಡೆ ನೋಡಿ ಹೇಳಿದರೂ ಮಾತು ಯಾರಿಗೆ ಸೇರಬೇಕೋ ಅವರಿಗೆ ಸೇರಿತು.

ಟೈಲರಮ್ಮ ಬಗ್ಗಿ ಸೆಟ್ಟನ್ನು ಎತ್ತಿಕೊಂಡರು.

ವಿಮಾನ ಅಂಚಿನಿಂದ ಉರುಳಿಕೊಂಡು ಹೋಗಿ, ಪಟ್ಟಿಯ ಮೇಲೆ ಓಡಿ ಎದ್ದಿತು. ಹತ್ತುವುದು, ತಿರುಗುವುದು, ಟ್ಯಾಂಕಿನ ಮೇಲೆ ದೊಡ್ಡ ಸುತ್ತು ಹಾಕುವುದು ಇವೆಲ್ಲ ಆಕೆಗೆ ಹಳೆಯವು. ಆದರೂ ಈ ಸಲ ಬೇರೆಯಾಗಿತ್ತು. ತಿರುವಿನಲ್ಲಿ ಒಮ್ಮೆ ಬಾಲ ಜಾರಿ ರೆಕ್ಕೆ ತೀರಾ ವಾಲಿದಾಗ ಯಾರೂ ಹಿಡಿದುಕೊಳ್ಳಲಿಲ್ಲ, ಆಕೆಯ ಹೆಬ್ಬೆರಳೇ ಎದುರು ಬದಿಗೆ ಹೋಯಿತು, ರೆಕ್ಕೆ ನೇರವಾಯಿತು. ಬೀಳುತ್ತಿತ್ತೋ ಇಲ್ಲವೋ ಎಂಬ ಪ್ರಶ್ನೆಗೆ ಆಕಾಶದಲ್ಲಿ ಉತ್ತರ ಸಿಕ್ಕಿತು. ಟೈಲರಮ್ಮನಿಗೆ ನಗು ಬಂತು.

ಆರು ನಿಮಿಷವಾಗುತ್ತಲೇ, ಬ್ಯಾಟರಿ ಕಡಿಮೆಯಾಗುತ್ತಿದೆ ಎಂದು ಗಿಣಿ ಹೇಳಿತು. ಇನ್ನು ಇಳಿಸಬೇಕು.

ಮೊದಲ ಸಲ ತುಂಬ ಎತ್ತರದಲ್ಲಿ ಬಂತು. ಆಕೆ ಮೋಟಾರು ಜೋರು ಮಾಡಿ ಮತ್ತೊಂದು ಸುತ್ತು ಕಳಿಸಿದರು. ಎರಡನೆಯ ಸಲ ಟ್ಯಾಂಕಿನ ಕಡೆಯಿಂದ ತಿರುಗಿಸಿ, ಮೋಟಾರು ತಗ್ಗಿಸಿ, ಮೂತಿಯನ್ನು ತುಸು ಎತ್ತಿ ಹಿಡಿದರು. ವಿಮಾನ ನಮ್ಮ ಕಡೆಗೇ ಬರುವಾಗ ಎಡ ಬಲ ಅದಲುಬದಲಾಗುತ್ತದೆ. ಎಂಥ ಗಂಡಸರೂ ಎಡವುವುದು ಅಲ್ಲೇ. ಆದರೆ ಎದುರು ನಿಂತವರ ಎಡತೋಳು ತನ್ನ ಬಲಕ್ಕಿರುತ್ತದೆ ಎಂಬುದನ್ನು ಟೈಲರಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಾವಿರಾರು ಜನಕ್ಕೆ ಅಂಗಿ ತೊಡಿಸಿ ಅಳತೆ ನೋಡಿದ ಕೈ ಅದು. ಅವರ ಮಟ್ಟಿಗೆ ಬರುತ್ತಿದ್ದದ್ದು ಎರಡು ತೋಳು ಚಾಚಿ ನಿಂತ ಗಿರಾಕಿ, ಅಷ್ಟೇ.

ಪಕ್ಕದಿಂದ ಒಂದು ಸದ್ದೂ ಇಲ್ಲ. "ನಿಧಾನ" ಇಲ್ಲ, "ಎತ್ತು, ಎತ್ತು" ಇಲ್ಲ. ಗಂಡ ಹೊರಟುಹೋದರೇನೋ ಎಂದು ಅನುಮಾನ ಬಂದರೂ ಆಕೆ ಕಣ್ಣು ತೆಗೆಯುವ ಹಾಗಿರಲಿಲ್ಲ. ಚಕ್ರ ನೆಲ ಮುಟ್ಟಿತು, ಪುಟಿಯಿತು, ಮತ್ತೆ ಮುಟ್ಟಿತು. ಹಳದಿ ವಿಮಾನ ಹುಲ್ಲಿನ ಪಟ್ಟಿಯ ಮೇಲೆ ಕುಲುಕುತ್ತ ಓಡಿ, ಒಂದು ಕಡೆಗೆ ಸ್ವಲ್ಪ ಮೂತಿ ತಿರುಗಿಸಿ ನಿಂತಿತು.

"ಇಳೀತು ಅಲ್ವಾ?" ಎಂಬ ದನಿ ತೀರ ಹತ್ತಿರದಲ್ಲೇ ಕೇಳಿತು.

ಟೈಲರಮ್ಮ ತಿರುಗಿದರು. ಮೇಷ್ಟ್ರು ಬಯಲಿಗೆ ಬೆನ್ನು ಹಾಕಿ ನಿಂತಿದ್ದರು. ನೋಡಿದರೆ ಎಲ್ಲಿ ಕೈ ಚಾಚಿಬಿಡುತ್ತೇನೋ ಎಂದು ಹೆದರಿ, ವಿಮಾನ ಇಳಿಯುವಷ್ಟು ಹೊತ್ತೂ ಅವರು ನೋಡಿದ್ದು ಹೆಂಡತಿಯ ಮುಖವನ್ನು ಮಾತ್ರ. ಅವರ ಹಣೆಯಲ್ಲಿ ಬೆವರು ಸಾಲಿಟ್ಟಿತ್ತು.

"ನೀವು ನೋಡಲೇ ಇಲ್ವಾ?"

"ನೋಡಿದೆ," ಅಂದರು ಮೇಷ್ಟ್ರು. "ಒಂದು ಸಲ ಪುಟೀತು. ಹೌದೋ ಅಲ್ವೋ?"

ಆಕೆ ತಲೆಯಾಡಿಸಿದರು. ಅತ್ತ ಔಷಧಿ ಅಂಗಡಿಯವರು ಚಪ್ಪಾಳೆ ಹೊಡೆಯುತ್ತಿದ್ದರು.

ಇಳಿಸಿದವರೇ ಹೋಗಿ ಎತ್ತಿಕೊಂಡು ಬರಬೇಕೆಂಬುದು ಆ ಮೈದಾನದ ರೂಢಿ. ಟೈಲರಮ್ಮ ಸೆಟ್ಟನ್ನು ಕೊರಳಿನಿಂದ ತೆಗೆದು ಗಂಡನ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು, ಕತ್ತರಿಸಿದ ಹುಲ್ಲಿನ ಮೇಲೆ ಮೊದಲ ಸಲ ಕಾಲಿಟ್ಟರು. ಇಬ್ಬನಿಗೆ ಹುಲ್ಲು ಇನ್ನೂ ತಣ್ಣಗಿತ್ತು. ಅವರೇನೂ ಅವಸರ ಮಾಡಲಿಲ್ಲ.