ತೊಳೆಯದೆ ಉಳಿದ ರೋಲು

ಫಿಲ್ಮ್ ಎಂದರೆ ಊರಿಗೆಲ್ಲ ಸಿನಿಮಾ. ಆ ಮನೆಯವರಿಗೆ ಮಾತ್ರ ಹೊಟ್ಟೆಪಾಡು. ಅಪ್ಪ ಕ್ಯಾಮೆರಾಕ್ಕೆ ಫಿಲ್ಮ್ ಹಾಕಿ ಸ್ಟುಡಿಯೋ ನಡೆಸಿದವನು. ಮಗಳು ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವವಳು. ಈಗ ಅಪ್ಪನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಸಣ್ಣ ಆಪರೇಷನ್ ಮಾಡಿದರೆ ದೃಷ್ಟಿ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಜಪ್ಪಯ್ಯ ಅಂದರೂ ಅಪ್ಪ ಒಪ್ಪಲಿಲ್ಲ.

"ನೋಡಬೇಕಾದ್ದೆಲ್ಲ ನೋಡಿ ಆಯ್ತಮ್ಮ. ಇನ್ನೇನು ಉಳಿದಿದೆ?"

"ಸಿನಿಮಾ ಡೈಲಾಗ್ ಹೊಡೀಬೇಡಪ್ಪ!"

ಅವಳಿಗೆ ಮೈಯೆಲ್ಲ ಉರಿಯಿತು. ಜೀವಮಾನವೆಲ್ಲ ಬೆಳಕನ್ನೇ ನಂಬಿ ಬದುಕಿದವನು ಹೀಗೆ ಕತ್ತಲಿಗೆ ಕೈಮುಗಿದು ಕೂತರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ಆ ಸಿಟ್ಟಿನಲ್ಲೇ ಹೋಗಿ ಹಳೆಯ ಡಾರ್ಕ್‌ರೂಮನ್ನು ಗುಡಿಸತೊಡಗಿದಳು. ಕಪಾಟಿನ ಮೂಲೆಯಲ್ಲಿ ಕ್ಯಾಮೆರಾ ಸಿಕ್ಕಿತು, ಒಳಗೆ ಅರ್ಧ ಓಡಿದ ರೋಲಿತ್ತು.

ಕ್ಯಾಮೆರಾದ ಸದ್ದಿನಲ್ಲೇ ಗುರುತು ಹಿಡಿದು ಅಪ್ಪ ಬಾಗಿಲಿಗೆ ಬಂದ.

"ಮುಟ್ಟಬೇಡ ಅದನ್ನ. ನಿಮ್ಮಮ್ಮನ್ನ ತೆಗೆದಿದ್ದು. ರೋಲು ಮುಗೀಲಿ, ಆಮೇಲೆ ತೊಳೆಯೋಣ ಅಂತಿದ್ದೆ. ಅಷ್ಟರಲ್ಲಿ ಅವಳೇ ಹೋಗ್ಬಿಟ್ಲು."

ಆ ಮನೆಯ ಕಾನೂನೇ ಅದು, ರೋಲು ಪೂರ್ತಿಯಾಗದೆ ತೊಳೆದು ಚಿತ್ರ ಮೂಡಿಸುವಂತಿಲ್ಲ. ಊರವರ ಮದುವೆಗಳೆಲ್ಲ ಆಲ್ಬಮ್ ಸೇರಿದವು, ಸ್ವಂತ ಹೆಂಡತಿ ಮಾತ್ರ ಕ್ಯಾಮೆರಾದಲ್ಲೇ ಉಳಿದಳು. ಹಸುಗೂಸಾಗಿದ್ದಾಗಲೇ ಅಮ್ಮನನ್ನು ಕಳೆದುಕೊಂಡ ಮಗಳಿಗೆ ಅವಳ ನಗು ಹೇಗಿತ್ತೆಂದು ಗೊತ್ತೇ ಇರಲಿಲ್ಲ.

"ನಾನೇ ತೊಳೀತೀನಿ."

"ನಿನಗೆ ಬರಲ್ಲ."

"ಬರದಿದ್ರೆ ಕಲೀತೀನಿ."

ಅಪ್ಪನನ್ನೇ ಕೇಳಿಕೊಂಡು ಫಿಲ್ಮ್ ತೊಳೆಯುವ ಔಷಧಿ ತಂದು ಕಲಸಿಟ್ಟಳು. ಇಬ್ಬರೂ ಡಾರ್ಕ್‌ರೂಮಿನ ಬಾಗಿಲು ಹಾಕಿಕೊಂಡರು. ಒಂದು ಚೂರು ಬೆಳಕು ಬಿದ್ದರೂ ಅಮ್ಮ ಅಳಿಸಿಹೋಗುತ್ತಾಳೆ. ಕತ್ತಲಲ್ಲೇ ಫಿಲ್ಮನ್ನು ಚಕ್ರಕ್ಕೆ ಸುತ್ತಿ ಬೆಳಕು ಹೋಗದ ಡಬ್ಬಿಯೊಳಗೆ ಇಡಬೇಕು. ಕಾರಿನ ಗಾಜಿನ ಮೇಲೆ ಒಂದು ಗುಳ್ಳೆಯೂ ಏಳದ ಹಾಗೆ ಫಿಲ್ಮ್ ಕೂರಿಸುವ ಅವಳ ಕೈ ಇಲ್ಲಿ ತಬ್ಬಿಬ್ಬಾಯಿತು. ಬೆರಳು ಬೆವತು ಫಿಲ್ಮ್ ನಡುವೆಯೇ ಸಿಕ್ಕಿಕೊಂಡಿತು. ಇದ್ದದ್ದನ್ನೂ ಹಾಳುಮಾಡಿಬಿಟ್ಟೆನಲ್ಲ ಎಂದು ಅವಳಿಗೆ ಅಳುವೇ ಬಂತು.

"ಅಪ್ಪಾ, ನನಗೇನೂ ಕಾಣ್ತಿಲ್ಲ!"

"ಇಲ್ಲಿ ಯಾರಿಗೆ ಕಾಣುತ್ತೆ? ಈ ಕಡೆ ಕೊಡು."

ಅಪ್ಪನ ಬೆರಳುಗಳು ಸಿಕ್ಕು ಬಿಡಿಸಿದವು. ಚಕ್ರ ಸರಸರ ತಿರುಗಿತು. ಡಬ್ಬಿಯ ಮುಚ್ಚಳ ಬಿದ್ದ ಸದ್ದಾಯಿತು.

ಫಿಲ್ಮ್ ತೊಳೆದಾದ ಮೇಲೆ ಮಗಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಏನಾದ್ರೂ ಬಂದಿದೆಯೇನೇ?" ಅಪ್ಪ ಕೇಳಿದ.

"ಅಮ್ಮ ಇದ್ದಾಳಪ್ಪ. ನಗ್ತಿದ್ದಾಳೆ. ನೆಗೆಟಿವ್ ಅಲ್ವಾ, ಮುಖ ಕಪ್ಪು, ಕೂದಲೆಲ್ಲ ಬೆಳ್ಳಗಿದೆ."

ಅಪ್ಪ ಫಿಲ್ಮನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಕಿರಿದು ಮಾಡಿದ. ಬರೀ ಮಂಜು.

"ಪೂರ್ತಿ ಬೆಳ್ಳಗಾ?"

"ಹೂಂ. ಒಂದೂ ಕಪ್ಪು ಕೂದಲಿಲ್ಲ."

"ಇದ್ದಿದ್ರೆ ಈಗ ಹಾಗೇ ಇರ್ತಿದ್ಲು." ಅಪ್ಪ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. "ಮುದುಕಿಯಾದ ನಮ್ಮವಳನ್ನ ನಾನೂ ಒಂದ್ಸಲ ನೋಡ್ಬೇಕಲ್ಲೇ. ಆ ಕಣ್ಣಿನ ಡಾಕ್ಟರು ಈಗ ಇರ್ತಾರಾ?"

ಮಗಳು ಉತ್ತರ ಕೊಡುವ ಮೊದಲೇ ಅವನು ಗೋಡೆ ಹಿಡಿದುಕೊಂಡು ಚಪ್ಪಲಿ ಹುಡುಕತೊಡಗಿದ್ದ.